ಪ್ರಾಣಿಗಳಿಗೆ ನಿಜವಾಗಿಯೂ ಭಾಷೆ ಮತ್ತು ಸ್ವಪ್ರಜ್ಞೆ ಇವೆಯೇ?

ಸಂವಹನವು ಪ್ರಾಣಿಗಳಲ್ಲಿ ಧಾರಾಳವಾಗಿದೆ. ಆದರೆ ಪದಗಳನ್ನು ವ್ಯಾಕರಣದ ನಿಯಮಕ್ಕೆ ತಕ್ಕಂತೆ ಜೋಡಿಸಿ, ಹಿಂದೆಂದೂ ಹೇಳದ ಮಾತನ್ನು ಹೊಸದಾಗಿ ಹೇಳುವ ಸಾಮರ್ಥ್ಯವನ್ನೇ ಭಾಷೆ ಎನ್ನುವುದಾದರೆ, ಅದು ಮನುಷ್ಯನ ಹೊರತು ಬೇರೆ ಪ್ರಾಣಿಗಳಲ್ಲಿ ಇದುವರೆಗೆ ಖಚಿತವಾಗಿ ಕಂಡುಬಂದಿಲ್ಲ.

1970ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ಅವರು ನಿಮ್ ಎಂಬ ಚಿಂಪಾಂಜಿ ಮರಿಗೆ ಅಮೆರಿಕದ ಸಂಜ್ಞಾ ಭಾಷೆಯನ್ನು ಕಲಿಸಿದರು. ಅದು ನೂರಕ್ಕೂ ಹೆಚ್ಚು ಸಂಜ್ಞೆಗಳನ್ನು ಕಲಿತದ್ದು ನಿಜ. ಆದರೆ ಅದರ ಅತಿ ಉದ್ದದ ‘ವಾಕ್ಯ’ದ 16 ಸಂಜ್ಞೆಗಳಲ್ಲಿ ಕೊಡು, ಕಿತ್ತಳೆ, ನಾನು, ತಿನ್ನು ಎಂಬವೇ ಮತ್ತೆ ಮತ್ತೆ ಬಂದಿದ್ದವು, ಉದ್ದ ಹೆಚ್ಚಿತೇ ಹೊರತು ಅರ್ಥ ಬೆಳೆಯಲಿಲ್ಲ. ವಿಡಿಯೊಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಆಗಷ್ಟೇ ಮಾಡಿದ ಸಂಜ್ಞೆಗಳನ್ನೇ ಅದು ಬಹಳಷ್ಟು ಸಲ ಅನುಕರಿಸುತ್ತಿದ್ದುದು ತಿಳಿದುಬಂತು. 1979ರಲ್ಲಿ ಟೆರೇಸ್ ತಮ್ಮ ಮೂಲ ನಿರೀಕ್ಷೆಗೆ ವಿರುದ್ಧವಾದ ಈ ಫಲಿತಾಂಶವನ್ನೇ ಪ್ರಕಟಿಸಿದರು. ಆ ಪ್ರಾಮಾಣಿಕತೆ ನಿಜಕ್ಕೂ ದೊಡ್ಡದು.

ಸ್ವಪ್ರಜ್ಞೆಯ, ಅಂದರೆ ‘ಇದು ನಾನು’ ಎಂಬ ಅರಿವಿನ, ವಿಷಯ ಬೇರೆ. 1970ರಲ್ಲಿ ಮನಶ್ಶಾಸ್ತ್ರಜ್ಞ ಗಾರ್ಡನ್ ಗ್ಯಾಲಪ್ ಅವರು ಅರಿವಳಿಕೆಯಲ್ಲಿದ್ದ ಚಿಂಪಾಂಜಿಗಳ ಹುಬ್ಬು ಹಾಗೂ ಕಿವಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಚ್ಚಿದರು. ಎಚ್ಚರಗೊಂಡು ಕನ್ನಡಿ ನೋಡಿದ ಅವು ಪ್ರತಿಬಿಂಬವನ್ನಲ್ಲ, ತಮ್ಮ ಮುಖದ ಮೇಲಿನ ಗುರುತನ್ನೇ ಮುಟ್ಟಿಕೊಂಡವು, ಅಂದರೆ ಕನ್ನಡಿಯಲ್ಲಿರುವುದು ತಾವೇ ಎಂದು ಗುರುತಿಸಿದವು. ಮುಂದೆ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮೂರು ಏಷ್ಯಾದ ಆನೆಗಳಲ್ಲಿ ಹ್ಯಾಪಿ ಎಂಬುದೊಂದೇ ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಹಾಗೆಂದು ಉಳಿದೆರಡಕ್ಕೆ ಸ್ವಪ್ರಜ್ಞೆಯೇ ಇಲ್ಲ ಎನ್ನುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ, ಏಕೆಂದರೆ ಮೈಗೆ ಮಣ್ಣು ಎರಚಿಕೊಳ್ಳುವ ಆನೆಗೆ ಒಂದು ಗುರುತು ಗಮನಾರ್ಹವೆನಿಸಬೇಕಾಗಿಲ್ಲ. ಮೂಗಿನಿಂದಲೇ ಲೋಕವನ್ನು ಅರಿಯುವ ನಾಯಿಯನ್ನು ಕನ್ನಡಿಯಿಂದ ಅಳೆಯುವುದೂ ಸರಿಯಲ್ಲ.