ಮಾವ ಕೊಟ್ಟ ಸೆಲಿಕಾ, ಗೆಳೆಯರು ಕೊಟ್ಟ ಪಟ್ಟಿ

ಪ್ರಶ್ನೆ: ನನಗೆ 24 ವರ್ಷ. ಊರು ಬ್ರಹ್ಮಾವರದ ಹತ್ತಿರ, ಕೆಲಸ ಮಂಗಳೂರಿನಲ್ಲಿ. ದುಬೈಯಲ್ಲಿದ್ದ ಸೋದರಮಾವ 1999ರಲ್ಲಿ ಊರಿಗೆ ವಾಪಸಾಗುವಾಗ ತಮ್ಮ 1997ರ ಟೊಯೊಟಾ ಸೆಲಿಕಾ ಕಾರನ್ನೂ ತಂದಿದ್ದರು. ಎರಡು ಬಾಗಿಲಿನ ಕೂಪೆ, ಕೆಂಪು ಬಣ್ಣ, ಎಡಗಡೆ ಸ್ಟೀರಿಂಗ್. 2020ರ ಲಾಕ್‌ಡೌನ್‌ನಿಂದ ಅದು ಅವರ ಶೆಡ್ಡಿನಲ್ಲೇ ನಿಂತಿದೆ. ಮಕ್ಕಳಿಲ್ಲದ ಮಾವ ಕಳೆದ ದೀಪಾವಳಿಗೆ ಕೀ ನನ್ನ ಕೈಗಿಟ್ಟರು. ಚಿಕ್ಕಂದಿನಿಂದ ನನ್ನ ಕನಸಿನ ಗಾಡಿ ಅದು. ಎರಡೂವರೆ ಲಕ್ಷ ಕೂಡಿಟ್ಟಿದ್ದೇನೆ. ಗೆಳೆಯರು ಪಟ್ಟಿ ಮಾಡಿದ್ದಾರೆ: ಸ್ಪ್ರಿಂಗ್ ಕಟ್ ಮಾಡಿಸಿ ತಗ್ಗಿಸುವುದು, 15 ಇಂಚಿನ ಚಕ್ರ ತೆಗೆದು 17ರ ಅಲಾಯ್, ಸೌಂಡ್ ಬರುವ ಎಕ್ಸಾಸ್ಟ್, ಎಂಜಿನ್ ಗಾಳಿ ಎಳೆಯುವ ಕಡೆ ಕೋನ್ ಫಿಲ್ಟರ್, ಮೈಗೆಲ್ಲ ಮ್ಯಾಟ್ ಕಪ್ಪು. ಗುಜರಿಗೆ ಹಾಕು ಎನ್ನುತ್ತಾರೆ ಅಪ್ಪ. ಮಾವನಿಗೆ ಪಟ್ಟಿ ತೋರಿಸಿದಾಗ "ನಿನ್ನ ಕಾರು, ನಿನ್ನಿಷ್ಟ" ಎಂದರು. ಅಂದಿನಿಂದ ಕಾರಿನ ಮಾತೇ ಎತ್ತುತ್ತಿಲ್ಲ. ಗ್ಯಾರೇಜಿನವರು ಮುಂಗಡ ಕೇಳುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಮುಂಗಡ ಕೊಡಬೇಡಿ. ಗೆಳೆಯರು ಕೆಟ್ಟವರೆಂದಾಗಲಿ ಗ್ಯಾರೇಜು ಸರಿಯಿಲ್ಲವೆಂದಾಗಲಿ ಅಲ್ಲ. ಆರು ವರ್ಷ ಒಂದೇ ಕಡೆ ನಿಂತ ಕಾರು ಸುರಕ್ಷಿತವಾಗಿ ಓಡುವುದಕ್ಕೆ, ಬ್ರೇಕ್ ಒತ್ತಿದಾಗ ನಿಲ್ಲುವುದಕ್ಕೆ, ಕಾನೂನುಬದ್ಧವಾಗಿ ರಸ್ತೆಗಿಳಿಯುವುದಕ್ಕೆ ಬೇಕಾದ ಒಂದು ಸಂಗತಿಯೂ ಆ ಪಟ್ಟಿಯಲ್ಲಿ ಇಲ್ಲ.

ಕಾರನ್ನು ಇಟ್ಟುಕೊಳ್ಳಿ. ಮಾಡಿಫೈ ಕೂಡ ಮಾಡಿ, ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲ ಒಂದು ವರ್ಷ, ಬಿಚ್ಚಿ ಮತ್ತೆ ಮೊದಲಿನಂತೆ ಜೋಡಿಸಲಾಗದ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಆ ಒಂದು ವರ್ಷವನ್ನು ಮಾವನ ಜೊತೆ ಕಳೆಯಿರಿ.

ನಿಮ್ಮ ಪತ್ರದಲ್ಲಿ ಆರ್‌ಸಿ ಬಗ್ಗೆ ಒಂದು ಸಾಲೂ ಇಲ್ಲದ್ದು ನೋಡಿ ನನಗೆ ಆತಂಕವಾಯಿತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಶೆಡ್ಡಿನಲ್ಲಿ ನಿಂತ ಕಾರಿಗೆ ಯಾರೂ ಅದನ್ನು ಮಾಡಿಸಿರಲಿಕ್ಕಿಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 20 ವರ್ಷ ದಾಟಿದ ವಾಹನಗಳ ನವೀಕರಣ ಶುಲ್ಕವನ್ನು ಏರಿಸಿದೆ. ಸಾಮಾನ್ಯ ಕಾರಿಗೆ 10,000 ರೂಪಾಯಿ. ನಿಮ್ಮದರಂತೆ ಹೊರದೇಶದಿಂದ ಬಂದ ಕಾರಿಗೆ 80,000. ತಡವಾದದ್ದಕ್ಕೆ ದಂಡ, ಹಸಿರು ತೆರಿಗೆ, ಇನ್ಶೂರೆನ್ಸ್ ಎಲ್ಲ ಬೇರೆ. ಎರಡೂವರೆ ಲಕ್ಷದಲ್ಲಿ ಒಂದು ಲಕ್ಷದ ಆಸುಪಾಸು ಸ್ಪ್ಯಾನರ್ ಮುಟ್ಟುವ ಮೊದಲೇ ಹೋಗುತ್ತದೆ. ಹಾಗಾಗಿ ಆರ್‌ಸಿ, ಮಾವ ಅಂದು ಕಟ್ಟಿದ ಕಸ್ಟಮ್ಸ್ ಸುಂಕದ ರಸೀದಿ ಎರಡನ್ನೂ ಹಿಡಿದು ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಚಾಸಿ ನಂಬರ್, ಎಂಜಿನ್ ನಂಬರ್ ಕಾಗದಕ್ಕೆ ಹೊಂದುತ್ತವೆಯೇ ನೋಡಿ. ಫಾರಂ 29, 30 ತುಂಬಿ ಕಾರು ನಿಮ್ಮ ಹೆಸರಿಗಾಗಲಿ. ಈ ಲೆಕ್ಕ ಕೈಗೆ ಬರುವವರೆಗೆ ಒಂದು ಬೋಲ್ಟ್‌ಗೂ ದುಡ್ಡು ಹಾಕಬೇಡಿ.

ಮಾಡಿಫಿಕೇಶನ್ ಕಾನೂನನ್ನೂ ತಿಳಿದುಕೊಂಡಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ನಿಗದಿ ಮಾಡಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಬದಲಾಯಿಸಿದರೆ ಅಪಘಾತವಾದಾಗ ಕ್ಲೇಮ್ ಕೈಕೊಡಬಹುದು. ಗೆಳೆಯರು ಹೇಳುವ ಸೌಂಡ್ ಎಕ್ಸಾಸ್ಟ್ ಈ ಕಾರಣಕ್ಕೇ ಬೇಡ. ಅದು ಶಕ್ತಿಯನ್ನೂ ಕೊಡುವುದಿಲ್ಲ. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿಸಿ.

ಇನ್ನು ಕೈಗೆ ಗ್ರೀಸ್ ಮೆತ್ತುವ ಕೆಲಸ. ನೀವು ಕೇಳದಿದ್ದರೂ ನನಗೆ ಹೆಚ್ಚು ಹೇಳಲಿಕ್ಕಿರುವುದು ಇಲ್ಲಿಯೇ.

ಬ್ಯಾಟರಿ ಜೋಡಿಸಿ ಕೀ ತಿರುಗಿಸುವ ಆತುರ ಬೇಡ. ಟ್ಯಾಂಕಿನಲ್ಲಿರುವುದು 2020ರ ಪೆಟ್ರೋಲು. ಅದು ಕೊಳೆತು ಅಂಟಾಗಿರುತ್ತದೆ, ಪೂರ್ತಿ ಖಾಲಿ ಮಾಡಿಸಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ರಂಧ್ರಕ್ಕೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮರುದಿನ ಕ್ರ್ಯಾಂಕ್ ಪುಲ್ಲಿಯ (ಎಂಜಿನ್ನಿನ ಬದಿಯಲ್ಲಿ ಕೆಳಗಿರುವ ಬೆಲ್ಟ್ ಚಕ್ರ) ಬೋಲ್ಟ್‌ಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ನಿಧಾನವಾಗಿ ಕೈಯಿಂದಲೇ ತಿರುಗಿಸಿ. ಸಿಲಿಂಡರಿನ ಗಾಳಿ ಪ್ಲಗ್ ರಂಧ್ರದಿಂದ ಉಸ್ಸೆಂದು ಹೊರಬರುತ್ತದೆ, ಎಂಜಿನ್ ಎಲ್ಲೂ ಹಿಡಿಯದೆ ಎರಡು ಸುತ್ತು ತಿರುಗಬೇಕು. ನಡುವೆ ಗಟ್ಟಿಯಾದರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ. ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ರಬ್ಬರಿನದು. ಕಾರು ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಹಾಗಾಗಿ ರಸ್ತೆಗಿಳಿಯುವ ಮೊದಲು ಅದನ್ನು ಬದಲಾಯಿಸಿ. ವಾಟರ್ ಪಂಪ್, ಕೂಲಂಟ್ ಹೋಸ್‌ಗಳನ್ನೂ ಅದರ ಜೊತೆಗೇ ಮುಗಿಸಿಬಿಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು. ನಿಮ್ಮ ಕಾರು ತಯಾರಾದ ಕಾಲದ ಇಂಧನ ಪೈಪುಗಳ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಎಥನಾಲ್ ತಡೆಯುವ ಹೊಸ ಪೈಪು ಹಾಕಿಸುವುದಕ್ಕೆ ದೊಡ್ಡ ಖರ್ಚಿಲ್ಲ, ಬೆಂಕಿಯ ಭಯವೂ ತಪ್ಪುತ್ತದೆ. ಬಾನೆಟ್ ಒಳಗೆ ವೈರುಗಳನ್ನು ಇಲಿ ಕಡಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ನಮ್ಮ ಕಡೆಯ ಶೆಡ್ಡುಗಳಲ್ಲಿ ಕಡಿದಿದ್ದರೆ ಆಶ್ಚರ್ಯವಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಇನ್ನೂ ಬೇಗ. ನೀರು ಸೇರಿದ ಆಯಿಲ್ ಬಿಸಿಯಾದಾಗ ಕುದಿಯುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಹಾಗಾದರೆ ಏನಾದೀತು ಯೋಚಿಸಿ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಬಿಚ್ಚಿಸಿ ಹೊಸ ಸೀಲ್, ಹೊಸ ಆಯಿಲ್, ಹೊಸ ಪ್ಯಾಡ್ ಹಾಕಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಎಂದಿದ್ದರೆ 2014ರ 23ನೇ ವಾರದ್ದು ಎಂದರ್ಥ. ಅಷ್ಟು ಹಳೆಯ ಟೈರಿನ ಟ್ರೆಡ್ (ರಸ್ತೆ ಹಿಡಿಯುವ ಗೀರುಗಳು) ಎಷ್ಟೇ ಚೆನ್ನಾಗಿ ಕಂಡರೂ ಅದರ ಮೇಲೆ ಓಡಿಸಬೇಡಿ.

ಕೊನೆಗೆ ತುಕ್ಕು. ಕಾರನ್ನು ಎತ್ತಿಸಿ, ಹಿಂದಿನ ಚಕ್ರದ ಕಮಾನು, ಬಾಗಿಲಿನ ಕೆಳಗಿನ ಅಂಚು, ಜ್ಯಾಕ್ ಕೊಡುವ ಜಾಗ ಇವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಎಂದರೆ ತಗಡು ಗಟ್ಟಿ, ಮೆದುವಾಗಿ ಒಳಗೆ ಹೋದರೆ ವೆಲ್ಡಿಂಗ್ ಕೆಲಸ ಉಂಟು. ನಿಮ್ಮ ಹಣದ ದೊಡ್ಡ ಪಾಲು ಇಲ್ಲಿಗೇ ಹೋಗಬಹುದು, ಹೋಗಲಿ. ಓಡಿಸಲು ಶುರು ಮಾಡಿದ ಮೇಲೆ ಪಡುಕರೆ ಕಡಲತೀರದಲ್ಲಿ ಫೋಟೊ ತೆಗೆಯುವ ಆಸೆಗೆ ಮರಳಿನ ಮೇಲೆ ಇಳಿಸಬೇಡಿ. ಇಳಿಸಿದರೆ ಅಂದೇ ಅಡಿಗೆ ಸಿಹಿನೀರು ಹೊಡೆಸಿ.

ಇಷ್ಟಾದ ಮೇಲೆ ಗೆಳೆಯರ ಪಟ್ಟಿಗೆ ಬರೋಣ. ಸ್ಪ್ರಿಂಗ್ ಕಟ್ ಮಾಡಿಸುವುದು ಯಾವ ಕಾರಣಕ್ಕೂ ಬೇಡ. ಕತ್ತರಿಸಿದ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಗುಂಡಿಯಲ್ಲಿ ಚಕ್ರ ಕೆಳಗಿಳಿದಾಗ ಜಾಗ ಬಿಟ್ಟು ಜಾರಬಹುದು. ಶಾಕ್ ಅಬ್ಸಾರ್ಬರ್ ಕೊನೆ ಮುಟ್ಟಿ ಹೊಡೆಯುತ್ತದೆ, ಟೈರಿನ ಒಳಬದಿ ಸವೆಯುತ್ತದೆ. ರಸ್ತೆ ಹಂಪ್‌ಗಳ ಕತೆ ನಿಮಗೇ ಗೊತ್ತು. ಹಳೆಯ ಶಾಕ್, ಬುಷ್‌ಗಳಿಗೆ ಹೊಸದು ಹಾಕಿಸಿ ನೋಡಿ, ಕಾರು ರಸ್ತೆ ಹಿಡಿಯುವ ರೀತಿಯೇ ಬದಲಾಗುತ್ತದೆ. ಬಹಳ ಮಂದಿ ಯುವಕರು ತಗ್ಗಿಸುವುದರಲ್ಲಿ ಹುಡುಕುವುದು ಈ ಅನುಭವವನ್ನೇ ಎಂದು ನನಗನಿಸುತ್ತದೆ.

ಕೋನ್ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನು ಎಳೆಯುತ್ತದೆ. ಅದರ ಪೈಪನ್ನು ಬಂಪರ್ ಕೆಳಕ್ಕೆ ಇಳಿಸಿದರೆ, ಜೂನ್ ತಿಂಗಳ ಜೋರು ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಂತ ನೀರು ನೇರ ಎಂಜಿನ್ನಿಗೆ ಹೋದೀತು. ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿದರೆ ಕನಸು ಅಲ್ಲಿಗೇ ನಿಲ್ಲುತ್ತದೆ. ಕಂಪನಿಯ ಏರ್ ಬಾಕ್ಸ್ ಇರಲಿ, ಒಳಗೆ ಹೊಸ ಫಿಲ್ಟರ್ ಹಾಕಿ.

ಚಕ್ರದ ವಿಷಯದಲ್ಲಿ ನಾನು ನಿಮ್ಮ ಪರ. ಬಿಚ್ಚಿ ಮತ್ತೆ ಹಳತನ್ನು ಹಾಕಬಹುದಾದ ಬದಲಾವಣೆ ಅದು. ಆದರೆ 17 ಬೇಡ, 16 ಸಾಕು. ನಿಮ್ಮ ಕಾರಿನ ಟೈರಿನ ಮೇಲೆ ಬರೆದ ಅಳತೆ 205/55 ಆರ್ 15 ಇದ್ದರೆ 205/50 ಆರ್ 16ರ ಒಟ್ಟು ಎತ್ತರಕ್ಕೂ ಅದಕ್ಕೂ ಐದು ಮಿಲಿಮೀಟರ್ ಮಾತ್ರ ವ್ಯತ್ಯಾಸ. ಸ್ಪೀಡೋಮೀಟರ್ ಕೆಡುವುದಿಲ್ಲ, ಗುಂಡಿಗೆ ಬಿದ್ದರೆ ರಿಮ್ ಉಳಿಯುವಷ್ಟು ರಬ್ಬರೂ ಇರುತ್ತದೆ. ನಿಮ್ಮದು 100 ಮಿಲಿಮೀಟರ್ ವೃತ್ತದಲ್ಲಿ ಐದು ಬೋಲ್ಟ್ ತೂತಿನ ಚಕ್ರ, ಫೋಕ್ಸ್‌ವ್ಯಾಗನ್ ಪೋಲೊದ್ದೂ ಅದೇ. ಹಾಗಾಗಿ ಸೆಕೆಂಡ್ ಹ್ಯಾಂಡ್ ಅಲಾಯ್ ಹುಡುಕುವುದು ಕಷ್ಟವಲ್ಲ. ಆದರೆ ಪೋಲೊ ಚಕ್ರದ ನಡು ತೂತು 57.1, ಟೊಯೊಟಾ ಹಬ್ 54.1 ಮಿಲಿಮೀಟರ್. ನಡುವಿನ ಸಂದು ತುಂಬುವ ಹಬ್ ರಿಂಗ್ ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಕೂಡ ಅಳೆಸಿ, ಟೈರ್ ಫೆಂಡರಿಗೆ ಉಜ್ಜಬಾರದು. ಮೂಲ ಚಕ್ರಗಳನ್ನು ಮಾರಬೇಡಿ.

ಎಡಗಡೆ ಸ್ಟೀರಿಂಗಿನ ಬಗ್ಗೆಯೂ ಎಚ್ಚರವಿರಲಿ. ಎರಡು ಲೇನಿನ ರಸ್ತೆಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಎದುರಿನಿಂದ ಬರುವುದು ನಿಮ್ಮ ಕಣ್ಣಿಗೆ ಬೀಳುವುದು ಕಾರು ಅರ್ಧ ಹೊರಗೆ ಬಂದ ಮೇಲೆಯೇ. ಬಲಗಡೆ ಸೀಟಿನಲ್ಲಿ ನಂಬಿಕೆಯವರು ಕೂತಿಲ್ಲದಿದ್ದರೆ ಓವರ್‌ಟೇಕ್ ಬೇಡವೇ ಬೇಡ. ಈ ಕಾರನ್ನು ಮಾವ ಇಷ್ಟು ವರ್ಷ ಹೇಗೆ ಓಡಿಸಿದರೆಂದು ಅವರನ್ನೇ ಕೇಳಿ.

ಮಾವನ ಮೌನ ನಿಮ್ಮನ್ನು ಕೊರೆಯುತ್ತಿದೆ ಎಂಬುದು ಪತ್ರದಲ್ಲೇ ಕಾಣುತ್ತದೆ. ಅಳಿಯಕಟ್ಟಿನ, ಅಂದರೆ ಮಾವನ ಆಸ್ತಿ ಸೋದರಳಿಯನಿಗೆ ಬರುತ್ತಿದ್ದ ಪದ್ಧತಿಯ ನಾಡು ನಮ್ಮದು. ನಿಮ್ಮ ಮನೆಯ ಪದ್ಧತಿ ಯಾವುದೇ ಇರಲಿ, ಮಾವ ಅಳಿಯನ ಕೈಗೆ ಕೊಟ್ಟದ್ದಕ್ಕೆ ಇಲ್ಲಿ ಬೇರೆಯೇ ತೂಕವುಂಟು. ಅವರು ಮರಳುಗಾಡಿನಲ್ಲಿ ದುಡಿದು ಕೊಂಡ ಕಾರು ಅದು, ಸುಂಕ ಕಟ್ಟಿ ಹಡಗಿನಲ್ಲಿ ತಂದ ಕಾರು. ನೀವು ಎಲ್ಲ ತೀರ್ಮಾನ ಮಾಡಿದ ಮೇಲೆ ಪಟ್ಟಿ ತೋರಿಸಿದಿರಿ, ಅವರಿಗೆ ಹೇಳಲು ಏನೂ ಉಳಿಯಲಿಲ್ಲ. ಅವರಿಗೆ ನೋವಾದದ್ದು ಅಲಾಯ್ ಚಕ್ರದಿಂದಲ್ಲ, ಇದರಿಂದ ಎಂದು ನಾನು ಬಲವಾಗಿ ನಂಬುತ್ತೇನೆ. ಈ ಭಾನುವಾರ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಸ್ಪ್ಯಾನರ್ ತೆಗೆದುಕೊಂಡು ಹೋಗಿ. ಪ್ಲಗ್ ಬಿಚ್ಚುವಾಗ ಟಾರ್ಚ್ ಹಿಡಿಯಲು ಅವರನ್ನು ಕರೆಯಿರಿ. ಬೆಲ್ಟ್ ಕೊನೆಗೆ ಬದಲಾಯಿಸಿದ್ದು ಯಾವಾಗ, ಬಿಸಿಯಾಗುತ್ತಿತ್ತೇ, ಎಲ್ಲಾದರೂ ಗುದ್ದಿತ್ತೇ ಎಂದು ಕೇಳಿ. ಯಾವ ಮೆಕ್ಯಾನಿಕ್ಕೂ ಕೊಡಲಾಗದ ಮಾಹಿತಿ ಅವರಲ್ಲಿದೆ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಅವರಿಗೆ ಕಾಣುತ್ತಿರುವುದು ಮಗನ ದುಡ್ಡು ನೀರಿನ ಹಾಗೆ ಹರಿದುಹೋಗುವ ಅಪಾಯ, ಅದು ನಿಜವಾದ ಅಪಾಯವೇ. ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ಅವರ ಮುಂದಿಡಿ. ಸಾಲ ಮಾಡುವುದಿಲ್ಲ, ಈ ವರ್ಷ ಇಷ್ಟಕ್ಕಿಂತ ಹೆಚ್ಚು ಹಾಕುವುದಿಲ್ಲ ಎಂದು ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ತಟ್ಟಿ ನೋಡಿದಾಗ ಚಾಸಿಯೇ ಕರಗಿಹೋಗಿದೆ ಎಂದು ಗೊತ್ತಾದರೆ ಅಪ್ಪನ ಸಲಹೆಯೇ ಸರಿ, ಅದನ್ನು ಒಪ್ಪಿಕೊಳ್ಳುವ ಮನಸ್ಸೂ ನಿಮಗಿರಲಿ.

ಉಳಿದದ್ದು ಬಣ್ಣ. ಬಣ್ಣ ಬದಲಾದರೆ ಆರ್‌ಸಿಯಲ್ಲಿ ನಮೂದಾಗಬೇಕು. ತುಕ್ಕಿನ ಮೇಲೆ ಮ್ಯಾಟ್ ಫಿಲ್ಮ್ ಅಂಟಿಸಿದರೆ ಒಳಗೆ ನಡೆಯುವುದು ಕಣ್ಣಿಗೇ ಬೀಳದು. ಈಗಿರುವ ಕೆಂಪನ್ನೇ ಪಾಲಿಶ್ ಮಾಡಿಸಿ ಒಂದು ಮಳೆಗಾಲ ಕಳೆಯಿರಿ. ಆಮೇಲೂ ಕಪ್ಪೇ ಬೇಕೆನಿಸಿದರೆ ಮಾವನನ್ನು ಕೇಳಿ. ಅವರು ಬೇಡವೆಂದರೆ ಅವರಿರುವವರೆಗೆ ಆ ಕಾರು ಕೆಂಪಾಗಿಯೇ ಇರಲಿ.