ಟಾನಿಕ್ ಯಾವುದು ಅಂತ ಕೇಳುವ ಮೊದಲು ನೀರಿನ ಬಾಟಲಿ ಎತ್ತಿ ನೋಡಿ

ಮುಂದಿನ ವಾರ ಶಾಲೆ ಶುರು, ಹೋದ ವರ್ಷ ಆರು ವರ್ಷದ ಮಗ ಎರಡು ವಾರಕ್ಕೊಮ್ಮೆ ಹುಷಾರು ತಪ್ಪುತ್ತಿದ್ದ, ಬೆಳಗ್ಗೆ ಎದ್ದರೆ ಹೊಟ್ಟೆನೋವು ಬೇರೆ, ಇಮ್ಯುನಿಟಿಗೆ ಯಾವ ಟಾನಿಕ್ ಕೊಡಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಆ ಹೊಟ್ಟೆನೋವಿನ ಮಾತು ಬಂತಲ್ಲ, ಅದಕ್ಕೇ ನಾನು ಇಷ್ಟುದ್ದ ಬರೆಯೋಕೆ ಕೂತಿದ್ದು.

ನನ್ನ ಮಗಳಿಗೆ ಆಗ ಏಳು. ರಜೆಯಲ್ಲಿ ಗುಂಡುಕಲ್ಲಿನ ಹಾಗಿದ್ದಳು. ಶಾಲೆ ಶುರುವಾಗಿ ಹದಿನೈದು ದಿನಕ್ಕೆ ಹೊಟ್ಟೆನೋವು ಶುರು. ಬೆಳಗ್ಗೆ ಜಾಸ್ತಿ, ಭಾನುವಾರ ಕಡಿಮೆ. ಡಬ್ಬಿ ಅರ್ಧ ವಾಪಸ್ ಬರುತ್ತಿತ್ತು. ಮುಖ ಬಾಡಿತ್ತು. ಶಕ್ತಿ ಇಲ್ಲ ಅಂತ ನಾನೇ ತೀರ್ಮಾನ ಮಾಡಿ ಮೂರು ಬಾಟಲಿ ತಂದೆ. ಒಂದು ಹಸಿವಿಗೆ, ಒಂದು ರೋಗನಿರೋಧಕ ಶಕ್ತಿಗೆ, ಇನ್ನೊಂದು ಐರನ್. ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಐರನ್ ಸಿರಪ್ಪಿನಿಂದ ಕೆಲವು ಮಕ್ಕಳಿಗೆ ಮಲ ಗಟ್ಟಿಯಾಗುತ್ತೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಅವಳಿಗೆ ಇದ್ದ ತೊಂದರೆಯೇ ಅದು, ಅದರ ಮೇಲೆ ದಿನಾ ಒಂದು ಚಮಚ ನಾನು ಸೇರಿಸುತ್ತಿದ್ದೆ.

ಆದರೆ ನನ್ನ ದೊಡ್ಡ ತಪ್ಪು ಟಾನಿಕ್ ಅಲ್ಲ. ನೀರಿನ ಬಾಟಲಿ.

ಅರ್ಧ ಲೀಟರಿನ ಬಾಟಲಿ. ಬೆಳಗ್ಗೆ ತುಂಬಿಸಿ ಬ್ಯಾಗಿನ ಪಕ್ಕದ ಜೇಬಿಗೆ ಸಿಕ್ಕಿಸುತ್ತಿದ್ದೆ. ಸಂಜೆ ತೆಗೆದು, ಒಳಗಿದ್ದ ನೀರನ್ನು ಸಿಂಕಿಗೆ ಸುರಿದು, ತೊಳೆದು ಬೋರಲು ಹಾಕುತ್ತಿದ್ದೆ. ದಿನಾ. ಆ ನೀರು ಸಿಂಕಿಗೆ ಬೀಳುವಾಗ ಗುಳುಗುಳು ಅಂತ ಎಷ್ಟು ಹೊತ್ತು ಸದ್ದಾಗುತ್ತಿತ್ತು ಅಂದರೆ, ಈಗಲೂ ಕಿವಿಯಲ್ಲಿದೆ. ಮುಕ್ಕಾಲು ಬಾಟಲಿ ಕೈಯಲ್ಲಿ ಭಾರ ಇರುತ್ತೆ ಅಲ್ವಾ? ಆ ಭಾರ ನನ್ನ ಕೈಗೆ ಗೊತ್ತಿತ್ತು, ತಲೆಗೆ ಹೋಗಲಿಲ್ಲ. ಗಮನಿಸಲೇ ಇಲ್ಲ ಅಂತಲೂ ಹೇಳುವ ಹಾಗಿಲ್ಲ, ಗಮನಿಸಿದೆ, ಬೈದೆ. "ಯಾಕೆ ನೀರು ಕುಡಿಯಲ್ಲ, ಅದಕ್ಕೇ ನಿಂಗೆ ಹೊಟ್ಟೆನೋವು" ಅಂದೆ. ಸ್ಟ್ರಾ ಇರುವ ಹೊಸ ಬಾಟಲಿ ತಂದುಕೊಟ್ಟೆ, ಅದರ ಮೇಲೆ ಅವಳಿಗಿಷ್ಟದ ಚಿತ್ರ. ಅವತ್ತಿನಿಂದ ಬಾಟಲಿ ಖಾಲಿ ಬರತೊಡಗಿತು. ನಾನು ಗೆದ್ದೆ ಅಂದುಕೊಂಡು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಮನೆಗೆ ಹೊರಡುವ ಮೊದಲು ಕೈತೊಳೆಯುವ ನಲ್ಲಿಯ ಕೆಳಗೆ ಸುರಿದು ಬರುತ್ತಿದ್ದಳಂತೆ.

ಕುಡಿಯದೇ ಇದ್ದದ್ದು ಯಾಕೆ ಅಂತ ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಬೈಯುವಾಗ "ಯಾಕೆ" ಅನ್ನುತ್ತೀವಲ್ಲ, ಅದಲ್ಲ. ಸುಮ್ನೆ ಕೂತು ಕೇಳುವ ಯಾಕೆ. ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತೆ, ಶಾಲೆಯ ಟಾಯ್ಲೆಟ್ಟಿಗೆ ಹೋಗೋಕೆ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಕುಡಿಯೋದನ್ನೇ ಬಿಟ್ಟಿದ್ದಳು. ಏಳು ವರ್ಷದ ಮಗು ತನ್ನ ಲೆಕ್ಕ ತಾನೇ ಹಾಕಿಕೊಂಡಿತ್ತು.

ಬೇರೆ ಸುಳಿವೂ ಇತ್ತು. ಎಂಟಕ್ಕೆ ಹೋದವಳು ಮೂರೂವರೆಗೆ ಬಂದರೆ ಶೂ ಕೂಡ ಬಿಚ್ಚದೆ ಬಚ್ಚಲಿಗೆ ಓಡುತ್ತಿದ್ದಳು. ನಾನು ಒರೆಸಿದ ನೆಲದ ಮೇಲೆ ಶೂ ಗುರುತು ಅಂತ ಕೂಗಾಡುತ್ತಿದ್ದೆ. ಚಡ್ಡಿಯಲ್ಲಿ ಸಣ್ಣ ಕಲೆ ಇರುತ್ತಿತ್ತು, ಸರಿಯಾಗಿ ತೊಳೆದುಕೊಳ್ಳಲ್ಲ ಅಂದುಕೊಂಡೆ. ಅದೂ ಅಲ್ಲ. ಒಳಗೆ ಗಟ್ಟಿ ಮಲ ತುಂಬಿಕೊಂಡಾಗ ಅದರ ಪಕ್ಕದಿಂದ ತೆಳ್ಳಗಿನದು ಮಗುವಿಗೆ ಗೊತ್ತೇ ಆಗದೆ ಸೋರುತ್ತೆ.

ಎರಡೂವರೆ ತಿಂಗಳಾದ ಮೇಲೆ ಒಂದು ರಾತ್ರಿ ಜ್ವರ ಬಂತು. ನೆಗಡಿ ಇಲ್ಲ, ಕೆಮ್ಮು ಇಲ್ಲ, ಮೈ ಮಾತ್ರ 39.5 ಡಿಗ್ರಿ, ನಡುಕ, ವಾಂತಿ, ಬೆನ್ನು ನೋವು ಅಂತ ಅಳು. ವೈರಲ್ ಇರಬೇಕು ಅಂತ ಒಂದು ದಿನ ಕಾದೆ. ಎರಡನೇ ದಿನ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಅವಳ ಕಿಬ್ಬೊಟ್ಟೆಯ ಎಡಗಡೆ ಒತ್ತಿ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು, "ಪುಟ್ಟೀ, ಶಾಲೆಯಲ್ಲಿ ಸುಸ್ಸು ಬಂದ್ರೆ ಎಲ್ಲಿ ಹೋಗ್ತೀಯ?" ಅವಳು ನನ್ನ ಮುಖ ನೋಡಿದಳು. ಡಾಕ್ಟರ್ ಕಡೆ ಅಲ್ಲ, ನನ್ನ ಕಡೆ. ಆಮೇಲೆ "ಹೋಗಲ್ಲ" ಅಂದಳು.

ಮೂತ್ರದ ಸೋಂಕು ಕಿಡ್ನಿಗೆ ಹತ್ತಿತ್ತು. ನಾಲ್ಕು ದಿನ ಆಸ್ಪತ್ರೆ, ಕೈಗೆ ಸೂಜಿ ಚುಚ್ಚಿ ಆ್ಯಂಟಿಬಯಾಟಿಕ್, ಸ್ಕ್ಯಾನು. ಕರುಳಿನ ಕೊನೆಯ ಭಾಗ ಮಲ ತುಂಬಿ ಹಿಗ್ಗಿಹೋಗಿತ್ತು. ಡಾಕ್ಟರ್ ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಎರಡಕ್ಕೆ ತಡೆದಷ್ಟೂ ಕರುಳು ಮಲದಿಂದ ನೀರು ಹೀರಿಕೊಳ್ಳುತ್ತೆ, ಅದು ಗಟ್ಟಿಯಾಗುತ್ತೆ, ಗಟ್ಟಿಯಾದರೆ ನೋವು, ನೋವಾದರೆ ಮಗು ಇನ್ನೂ ತಡೆಯುತ್ತೆ. ಹಿಗ್ಗಿದ ಕರುಳು ಮುಂದಿರುವ ಮೂತ್ರಕೋಶವನ್ನು ಒತ್ತುತ್ತೆ, ಮೂತ್ರಕೋಶ ಪೂರ್ತಿ ಖಾಲಿ ಆಗಲ್ಲ, ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. ಹೆಣ್ಣುಮಕ್ಕಳಿಗೆ ಮೂತ್ರನಾಳ ಚಿಕ್ಕದು, ಸೋಂಕು ಬೇಗ ಮೇಲೆ ಹತ್ತುತ್ತೆ. ಗಂಡುಮಕ್ಕಳೂ ತಡೆಯುತ್ತಾರೆ, ಮಲಬದ್ಧತೆ ಅವರಿಗೂ ಬರುತ್ತೆ, ಆದ್ದರಿಂದ ನಿಮ್ಮದು ಗಂಡುಮಗು ಅಂತ ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಮೂತ್ರಕೋಶ ಎಷ್ಟು ಹಿಡಿಯುತ್ತೆ ಅನ್ನೋಕೆ ಡಾಕ್ಟರುಗಳ ಹತ್ತಿರ ಒಂದು ಅಂದಾಜು ಲೆಕ್ಕ ಇದೆ, ವಯಸ್ಸಿಗೆ 2 ಸೇರಿಸಿ 30ರಿಂದ ಗುಣಿಸೋದು. ಏಳು ವರ್ಷಕ್ಕೆ 270 ಮಿಲಿ. ಒಂದು ದೊಡ್ಡ ಲೋಟ ಅಷ್ಟೆ. ಅದನ್ನಿಟ್ಟುಕೊಂಡು ಅವಳು ಏಳೂವರೆ ಗಂಟೆ ಕೂರುತ್ತಿದ್ದಳು.

ಮನೆಗೆ ಬಂದ ಮೇಲೆ ಮಲ ಮೆತ್ತಗೆ ಮಾಡುವ ಪುಡಿ, ನೀರಿಗೆ ಹಾಕಿ ಕುಡಿಸೋದು, ಆರು ತಿಂಗಳು. ಎರಡು ವಾರಕ್ಕೇ ಸರಿಹೋಯಿತು ಅನ್ನಿಸುತ್ತೆ, ಆದರೆ ಹಿಗ್ಗಿದ ಕರುಳು ಮೊದಲಿನ ಹಾಗಾಗಲು ತಿಂಗಳುಗಟ್ಟಲೆ ಬೇಕು, ನಡುವೆ ಬಿಟ್ಟರೆ ಮತ್ತೆ ಶುರು. ಊಟ ಆದ ಮೇಲೆ ಕರುಳು ತಾನಾಗಿ ಅಲುಗಾಡುತ್ತೆ, ಹಾಗಾಗಿ ತಿಂಡಿಯಾದ ಮೇಲೆ ಹತ್ತು ನಿಮಿಷ ಟಾಯ್ಲೆಟ್. ಕಮೋಡ್ ಆದರೆ ಕಾಲ ಕೆಳಗೆ ಒಂದು ಸಣ್ಣ ಸ್ಟೂಲ್, ಕಾಲು ನೇತಾಡಿದರೆ ಮಗುವಿಗೆ ಮುಕ್ಕೋಕೆ ಆಗಲ್ಲ. ಇದಕ್ಕಾಗಿ ಅರ್ಧ ಗಂಟೆ ಮುಂಚೆ ಏಳಬೇಕಾಯಿತು, ಮೊದಲ ವಾರ ಮನೆಯಲ್ಲಿ ರಣರಂಗ.

ಶಾಲೆಗೂ ಹೋದೆ. ಟೀಚರ್ ಒಳ್ಳೆಯವರೇ, "ಬಿಡುವಿನಲ್ಲೇ ಹೋಗಬೇಕಿತ್ತಲ್ಲಾ" ಅನ್ನೋದು ಅವರಿಗೊಂದು ಅಭ್ಯಾಸ. ಬಿಡುವಿನಲ್ಲಿ ಹೋದರೆ ಸಾಲು, ಒಂದು ಬಾಗಿಲಿಗೆ ಚಿಲಕ ಇಲ್ಲ, ಹೊರಗಿನಿಂದ ದೊಡ್ಡ ಮಕ್ಕಳು ಬಾಗಿಲು ತಳ್ಳುತ್ತಾರೆ. ನಾನು ಕೇಳಿದ್ದು ಎರಡೇ. ಪಾಠದ ನಡುವೆ ಕೈ ಎತ್ತಿದರೆ ಕಾರಣ ಕೇಳದೆ ಕಳಿಸಿ, ಆ ಚಿಲಕ ಹಾಕಿಸಿ. ಮೊದಲನೆಯದು ಮಾರನೇ ದಿನವೇ ಆಯಿತು. ಚಿಲಕಕ್ಕೆ ಮೂರು ವಾರ ಹಿಡಿಯಿತು, ಅಲ್ಲಿವರೆಗೆ ಗೆಳತಿಯೊಬ್ಬಳು ಬಾಗಿಲ ಹೊರಗೆ ಕಾವಲು ನಿಲ್ಲುತ್ತಿದ್ದಳು. ಈ ಉಪಾಯ ಮಕ್ಕಳೇ ಮಾಡಿಕೊಂಡದ್ದು, ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಇನ್ನು ನಿಮ್ಮ "ಇಮ್ಯುನಿಟಿ". ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಆಗೋದು ಮಾಮೂಲು, ಹೊಸದಾಗಿ ಶಾಲೆಗೆ ಸೇರಿದ ವರ್ಷ ಇನ್ನೂ ಜಾಸ್ತಿ. ಒಂದು ಮುಗಿಯೋಕೆ ಹತ್ತು ದಿನ ಬೇಕು, ಲೆಕ್ಕ ಹಾಕಿದರೆ ಮಗು ಸದಾ ಕಾಯಿಲೆ ಅನ್ನಿಸದೆ ಇರುತ್ತಾ? ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಗಿದೆ, ತೂಕ ಏರುತ್ತಿಲ್ಲ ಅಂದರೆ ಅದು ಬೇರೆ ಮಾತು, ಡಾಕ್ಟರಿಗೆ ತೋರಿಸಿ. ರಕ್ತ ಪರೀಕ್ಷೆ ಮಾಡಿ ಕೊರತೆ ಇದೆ ಅಂತ ಅವರೇ ಬರೆದುಕೊಟ್ಟರೆ ಐರನ್ ಕೊಡಿ, ಬೇಡ ಅಂದವರು ಯಾರು. ಬಾಕಿದ್ದೆಲ್ಲ ನಿಮಗೂ ಗೊತ್ತಿರೋದೇ. ಲಸಿಕೆ ಬಾಕಿ ಇದ್ದರೆ ಹಾಕಿಸಿ. ಸೋಪಿನಲ್ಲಿ 20 ಸೆಕೆಂಡು ಕೈ ತೊಳೆಯಲಿ. ವಾಂತಿಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟಲ್ಲ, ಅದನ್ನೇ ನಂಬಿ ಕೂರಬೇಡಿ. ಆರು ವರ್ಷಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ರಜೆಯಲ್ಲಿ ಹನ್ನೊಂದಕ್ಕೆ ಮಲಗಿ ಅಭ್ಯಾಸ ಆಗಿದ್ದರೆ ಇವತ್ತಿನಿಂದಲೇ ದಿನಕ್ಕೆ ಕಾಲು ಗಂಟೆ ಹಿಂದಕ್ಕೆ ಎಳೆಯಿರಿ. ಜ್ವರ ಇದ್ದರೆ ಬೆಳಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಶಾಲೆಗೆ ತಳ್ಳಬೇಡಿ, ದಯವಿಟ್ಟು. ಔಷಧಿ ಇಲ್ಲದೆ 24 ಗಂಟೆ ಜ್ವರ ಬರದೆ ಇರಲಿ, ಆಮೇಲೆ ಕಳಿಸಿ.

ನಿಮ್ಮ ಮಗನ ಹೊಟ್ಟೆನೋವು ಇದೇ ಅಂತ ನಾನು ಹೇಳ್ತಿಲ್ಲ, ಡಾಕ್ಟರಿಗೆ ತೋರಿಸಲೇಬೇಕು. ಆದರೆ ಶಾಲೆ ಶುರುವಾದ ಮೊದಲ ವಾರವೇ ಬಾಟಲಿ ಎತ್ತಿ ನೋಡಿ, ಖಾಲಿ ಇದ್ದರೂ ಕೇಳಿ. "ಟಾಯ್ಲೆಟ್ಟಿಗೆ ಹೋದ್ಯಾ" ಅಂತ ಕೇಳಬೇಡಿ, ಹೂಂ ಅಂದುಬಿಡುತ್ತಾನೆ. ಎಷ್ಟು ಬಾಗಿಲಿದೆ, ಯಾವುದು ಚೆನ್ನಾಗಿದೆ, ನೀರು ಬರುತ್ತಾ, ಯಾರಿರ್ತಾರೆ ಅಂತ ಕೇಳಿ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದರೆ ಇನ್ನೂ ವಾಸಿ. ಆಸ್ಪತ್ರೆಯಿಂದ ಬಂದ ರಾತ್ರಿ ನಾನು ಹಾಗೆ ಕೇಳಿದಾಗ ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾಲ್ಕಿದೆ ಅಮ್ಮ. ಮೂರನೇದು ಪರ್ವಾಗಿಲ್ಲ. ಆದ್ರೆ ಅದರ ಬಲ್ಬ್ ಉರಿಯಲ್ಲ."