ಮಿಶ್ರಣದ ಲೆಕ್ಕಕ್ಕೆ ಸಮೀಕರಣ ಬರೆಯುವುದು ಹೇಗೆ?

ಶಿರಸಿಯ ಮನೆಯೊಂದರಲ್ಲಿ ಅಪ್ಪೆಮಿಡಿ ಹಾಕಲು ಶೇ. 15ರ ಉಪ್ಪುನೀರು 12 ಕಿಲೋ ಬೇಕು, ಆದರೆ ಇರುವುದು ಶೇ. 25 ಮತ್ತು ಶೇ. 10ರ ಉಪ್ಪುನೀರು ಮಾತ್ರ ಎಂದಿಟ್ಟುಕೊಳ್ಳೋಣ. ಇಂಥ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಶೇಕಡಾವಾರುಗಳನ್ನೇ ನೇರವಾಗಿ ಕೂಡಲು ಹೋದಾಗ. ಕೂಡಬೇಕಾದದ್ದು ಒಳಗಿರುವ ಉಪ್ಪಿನ ತೂಕವನ್ನು, ಏಕೆಂದರೆ ಎಷ್ಟೇ ಬೆರೆಸಿದರೂ ಬದಲಾಗದೆ ಉಳಿಯುವುದು ಅದೇ.

ಶೇ. 25ರ ನೀರು x ಕಿಲೋ ಆದರೆ ಇನ್ನೊಂದು (12 − x) ಕಿಲೋ. ಎರಡಕ್ಕೂ ಬೇರೆ ಬೇರೆ ಅಕ್ಷರ ಬಳಸುವುದು ತಪ್ಪಲ್ಲ, ಆದರೆ ಒಟ್ಟು ಮೊತ್ತ ಗೊತ್ತಿರುವಾಗ ಅದು ಅನಗತ್ಯ ಶ್ರಮ. ಈಗ ಉಪ್ಪಿನ ಲೆಕ್ಕ:

0.25x + 0.10(12 − x) = 0.15 × 12

ಇದನ್ನು ಬಿಡಿಸಿದರೆ 0.15x = 0.6, ಅಂದರೆ x = 4. ಗಟ್ಟಿ ಉಪ್ಪುನೀರು 4 ಕಿಲೋ, ತೆಳುವಾದದ್ದು 8 ಕಿಲೋ. ತಾಳೆ ನೋಡಿದರೆ ಒಂದರಲ್ಲಿ 1 ಕಿಲೋ, ಇನ್ನೊಂದರಲ್ಲಿ 800 ಗ್ರಾಂ ಉಪ್ಪು, ಒಟ್ಟು 1.8 ಕಿಲೋ, ಅದು 12ರ ಶೇ. 15 ಹೌದು. ಬೇಕಾದ ಶೇ. 15 ಎಂಬುದು 25ಕ್ಕಿಂತ 10ಕ್ಕೆ ಹತ್ತಿರವಿರುವುದರಿಂದ ತೆಳುವಾದದ್ದೇ ಹೆಚ್ಚು ಬೇಕೆಂಬುದನ್ನು ಲೆಕ್ಕ ಮಾಡುವ ಮೊದಲೇ ಊಹಿಸಬಹುದಿತ್ತು.

ಬರೀ ನೀರು ಸೇರಿಸುವ ಪ್ರಶ್ನೆ ಬಂದರೆ ಅದನ್ನು ಶೇ. 0 ಎಂದೂ, ಬರೀ ಉಪ್ಪನ್ನು ಶೇ. 100 ಎಂದೂ ತೆಗೆದುಕೊಂಡು ಇದೇ ಸಮೀಕರಣ ಬರೆಯಬೇಕು. ಇಲ್ಲಿ ಲೀಟರಿನ ಬದಲು ಕಿಲೋ ಬಳಸಿದ್ದಕ್ಕೂ ಕಾರಣವಿದೆ: ಬೆರೆಸಿದಾಗ ತೂಕಗಳು ಸರಿಯಾಗಿ ಕೂಡುತ್ತವೆ, ಗಾತ್ರಗಳು ಯಾವಾಗಲೂ ಹಾಗೆ ಕೂಡುವುದಿಲ್ಲ.